ಪಿಕಪ್‌ಗೆ ವೀಲ್ ಲಾಕ್ ನಟ್: ಬೀಗ ಆಮೇಲೆ, ಮೊದಲು ಕೂರುವ ಜಾಗ ನೋಡಿ

ನಮ್ಮ ಟೊಯೋಟಾ ಹೈಲಕ್ಸ್ ಪಿಕಪ್‌ನ 18 ಇಂಚಿನ ಒಂದು ಅಲಾಯ್ ಚಕ್ರ ಟಯರ್ ಸಮೇತ ಕಳವಾದರೆ ಎಷ್ಟು ಕೈ ಬಿಡುತ್ತದೆ ಅಂತ ಒಮ್ಮೆ ವಿಚಾರಿಸಿ ನೋಡಿ, ಆಮೇಲೆ ಲಾಕ್ ನಟ್‌ಗೆ, ಅಂದರೆ ಅದರದ್ದೇ ಕೀ ಹಾಕಿ ಬಿಚ್ಚಬೇಕಾದ ಚಕ್ರದ ನಟ್‌ಗೆ, ಕೊಡುವ ದುಡ್ಡು ಜಾಸ್ತಿ ಅನ್ನಿಸುವುದಿಲ್ಲ. ನಮ್ಮ ಗಾಡಿ ಉಡುಪಿಯಲ್ಲಿ ರಾತ್ರಿ ಇಡೀ ರಸ್ತೆ ಬದಿಯಲ್ಲೇ ಇರುತ್ತದೆ, ಬೆಳಿಗ್ಗೆ ಮಲ್ಪೆ ಬಂದರಿನ ಉಪ್ಪು ನೀರು ತುಳಿಯುತ್ತದೆ. ಹಾಗಾಗಿ ನನಗೆ ಕಳ್ಳನನ್ನೂ ತಡೆಯಬೇಕು, ತುಕ್ಕೂ ತಡೆಯಬೇಕು.

ಆನ್‌ಲೈನ್‌ನಲ್ಲಿ ಮೊದಲು ತರಿಸಿದ್ದು ಒಂದು ಅಗ್ಗದ ಸೆಟ್. ಫೋಟೋದಲ್ಲಿ ಚೆನ್ನಾಗಿತ್ತು, 'ಎಲ್ಲಾ ಪಿಕಪ್‌ಗೂ ಆಗುತ್ತದೆ' ಅಂತ ಬರೆದಿತ್ತು. ಡಬ್ಬ ತೆರೆದು ಒಂದು ನಟ್ ಕೈಯಲ್ಲಿ ಹಿಡಿದಾಗಲೇ ಗೊತ್ತಾಯಿತು, ಇದು ನಮ್ಮದಲ್ಲ. ನೂಲು (ತಿರುಪಿನ ಸುತ್ತು) ಸರಿ ಇತ್ತು, 12 ಮಿ.ಮೀ. ಸ್ಟಡ್ (ನಟ್ ಕೂರುವ ಬೋಲ್ಟ್), 1.5 ಪಿಚ್ (ಎರಡು ಸುತ್ತಿನ ನಡುವಿನ ಅಂತರ, ಮಿ.ಮೀ.ನಲ್ಲಿ). ಆದರೆ ನಟ್‌ನ ತುದಿ ಕೋನ್ ಆಕಾರ. ನಮ್ಮ ಕಂಪೆನಿ ಅಲಾಯ್‌ಗೆ ಬರುವ ನಟ್‌ಗೆ ಒಂದು ಉದ್ದ ಕುತ್ತಿಗೆ ಇದೆ, ಅದರ ಮೇಲೆ ತಿರುಗುವ ಚಪ್ಪಟೆ ವಾಷರ್. ಚಕ್ರದ ತೂತಿನ ಸುತ್ತ ಆ ವಾಷರ್ ಒತ್ತಿದ ಹೊಳೆಯುವ ಉಂಗುರ ಕಾಣುತ್ತದೆ, ಅಷ್ಟೂ ಜಾಗ ಭಾರ ಹಿಡಿಯುತ್ತದೆ. ಅಲ್ಲಿಗೆ ಕೋನ್ ನಟ್ ಹಾಕಿದರೆ ತೂತಿನ ಅಂಚಿನ ಒಂದು ಗೆರೆ ಮಾತ್ರ ತಾಗುತ್ತದೆ. ಬಿಗಿಯಾಯಿತು ಅನ್ನಿಸುತ್ತದೆ, ಓಡಿದ ಮೇಲೆ ಅಲ್ಯೂಮಿನಿಯಂ ತಿಂದು ನಟ್ ಸಡಿಲ ಆಗುತ್ತದೆ. ಶಿರಾಡಿ ಘಾಟಿಯಲ್ಲಿ ಲೋಡ್ ಹಾಕಿಕೊಂಡು ಇಳಿಯುವಾಗ ಇದು ಆಗಬಾರದು ಮಾರಾಯ್ರೆ! ಸೆಟ್ ವಾಪಸ್ ಕಳಿಸಿದೆ.

ಆದ್ದರಿಂದ ಬೀಗದ ಡಿಸೈನ್ ನೋಡುವ ಮೊದಲು ನಿಮ್ಮ ಗಾಡಿಯ ಒಂದು ನಟ್ ಬಿಚ್ಚಿ ನೋಡಿ. ಕೋನ್ ಇದೆಯಾ, ಹೋಂಡಾದಲ್ಲಿ ಇರುವ ಹಾಗೆ ಗುಂಡಗಿನ ತುದಿಯಾ, ಚಪ್ಪಟೆ ವಾಷರಾ? ಸ್ಟೀಲ್ ಚಕ್ರಕ್ಕೂ ಅಲಾಯ್‌ಗೂ ಒಂದೇ ಗಾಡಿಯಲ್ಲಿ ಬೇರೆ ಬೇರೆ ನಟ್ ಇರಬಹುದು, ಹೊರಗಿನ ಅಲಾಯ್ ಹಾಕಿಸಿದ್ದರೆ ಅದರದ್ದೇ ಲೆಕ್ಕ. ಪಿಚ್ ಕೂಡ ಬೇರೆಯಾಗುತ್ತದೆ. ಮಾರುತಿ ಕಾರುಗಳಲ್ಲಿ ಸಾಮಾನ್ಯವಾಗಿ 1.25, ಅದನ್ನು ನಮ್ಮ 1.5ರ ಸ್ಟಡ್‌ಗೆ ಬಲವಂತವಾಗಿ ತಿರುಗಿಸಿದರೆ ನೂಲೇ ಹೋಯಿತು.

ಕೊನೆಗೆ ತೆಗೆದುಕೊಂಡಿದ್ದು ಅಮೆರಿಕದ ಮೆಕ್‌ಗಾರ್ಡ್, ವಾಷರ್ ಇರುವ ಬಗೆ. ಅಗ್ಗದ ಸೆಟ್‌ಗಿಂತ ಎಷ್ಟೋ ಪಟ್ಟು ದುಬಾರಿ, ಸುಳ್ಳು ಹೇಳುವುದಿಲ್ಲ. ಆದರೆ ನಟ್‌ನ ಮುಖದಲ್ಲಿ ಹೂವಿನ ಎಸಳಿನಂತೆ ಸುತ್ತಿ ಬಂದ ಸಣ್ಣ ತೋಡು ಎಷ್ಟು ನಯವಾಗಿದೆ ಅಂದರೆ, ಕೀ ಒತ್ತಿ ಸ್ವಲ್ಪ ತಿರುಗಿಸಿದ ಕೂಡಲೇ ಟಕ್ ಅಂತ ಕೂರುತ್ತದೆ, ಅಲುಗಾಡುವುದಿಲ್ಲ. ಕೀ ಜೊತೆ ಕೋಡ್ ಇರುವ ಕಾರ್ಡ್ ಕೊಡುತ್ತಾರೆ. ಕೀ ಕಳೆದುಹೋದರೆ ಆ ಕೋಡ್ ಕೊಟ್ಟು ಇನ್ನೊಂದು ತರಿಸಬಹುದು. ಕೋಡೇ ಇಲ್ಲದ ಸೆಟ್ ದಯವಿಟ್ಟು ತೆಗೆದುಕೊಳ್ಳಬೇಡಿ, ಕೀ ಕಳೆದ ದಿನ ನಿಮ್ಮ ಚಕ್ರ ನಿಮಗೇ ಬಿಚ್ಚಲಿಕ್ಕೆ ಬರುವುದಿಲ್ಲ. ಮೂರು ಪದರ ನಿಕ್ಕಲ್, ಅದರ ಮೇಲೆ ಕ್ರೋಮ್ ಅಂತ ಕಂಪೆನಿ ಹೇಳುತ್ತದೆ. ನಮ್ಮ ಮಳೆಗಾಲ ದಾಟಿಯೂ ಹೊಳಪು ಹಾಗೇ ಇದೆ, ಅದರ ಪಕ್ಕದಲ್ಲಿರುವ, ಗಾಡಿಯ ಜೊತೆಗೇ ಬಂದ ನಟ್‌ಗಳಲ್ಲಿ ಆಗಲೇ ಕಂದು ಚುಕ್ಕೆ.

ಒಂದು ಚಕ್ರಕ್ಕೆ ಒಂದು ಲಾಕ್ ಸಾಕು, ಉಳಿದ ಐದು ಮಾಮೂಲಿ ನಟ್. ಗಾಡಿ ಅಡಿಯಲ್ಲಿ ನೇತಾಡುವ ಸ್ಟೆಪ್ನಿಗೆ ಇದರಿಂದ ಏನೂ ರಕ್ಷಣೆ ಇಲ್ಲ, ಅದಕ್ಕೆ ಬೇರೆ ಬೀಗವೇ ಬೇಕು. ಮತ್ತೆ, ಯಾವ ಲಾಕ್ ಆದರೂ ಕಳ್ಳನನ್ನು ನಿಧಾನ ಮಾಡುತ್ತದೆ ಅಷ್ಟೇ. ನಟ್ ಮೇಲೆ ಕಚ್ಚಿಕೊಳ್ಳುವ ಉಲ್ಟಾ ಹಲ್ಲಿನ ಸಾಕೆಟ್ ಬಡಿದು ಕೂರಿಸಿ ತೆಗೆಯುವವರು ಇದ್ದಾರೆ. ಹೊರಗಿನ ಸುತ್ತು ಸುಮ್ನೆ ತಿರುಗುವ ಬಗೆಯ ನಟ್ ಆದರೆ ಅಂಥ ಸಾಕೆಟ್‌ಗೆ ಹಿಡಿತ ಸಿಗುವುದು ಕಷ್ಟ, ರಸ್ತೆ ಬದಿಯಲ್ಲೇ ನಿಲ್ಲಿಸುವವರು ಅದನ್ನೂ ನೋಡಬಹುದು.

ಇನ್ನೊಂದು ಮಾತು ಟಯರ್ ಅಂಗಡಿಯವರ ಬಗ್ಗೆ. ಅವರಿಗೆ ಅವಸರ, ಕೈಯಲ್ಲಿ ನಟ್ ತಿರುಗಿಸುವ ಗನ್ ಇರುತ್ತದೆ. ಲಾಕ್ ಕೀ ಮೇಲೆ ಗನ್ ಓಡಿಸಿದರೆ ಕೀಯ ಹಲ್ಲು ಒಡೆಯುತ್ತದೆ, ಮೆಕ್‌ಗಾರ್ಡ್‌ನವರೇ ಬೇಡ ಅಂತ ಬರೆದಿದ್ದಾರೆ. ನಾನು ಅಲ್ಲೇ ನಿಂತು 'ಅಣ್ಣ, ಇದೊಂದು ಕೈಯಲ್ಲೇ ಮಾಡಿ' ಅನ್ನುತ್ತೇನೆ, ಯಾರೂ ಬೇಸರ ಮಾಡಿಕೊಂಡಿಲ್ಲ. ಬಿಚ್ಚುವಾಗ ಲಾಕ್ ಮೊದಲು, ಹಾಕುವಾಗ ಕೊನೆಗೆ. ತುಕ್ಕಿಗೆ ಹೆದರಿ ಸ್ಟಡ್‌ಗೆ ಗ್ರೀಸ್ ಬಳಿಯುವ ರೂಢಿ ನಮ್ಮ ಕಡೆ ಜಾಸ್ತಿ. ಗ್ರೀಸ್ ಇದ್ದರೆ ಅದೇ ಟಾರ್ಕ್‌ಗೆ (ತಿರುಗಿಸಿ ಬಿಗಿಯುವ ಬಲಕ್ಕೆ) ಸ್ಟಡ್ ಹೆಚ್ಚು ಎಳೆಯಲ್ಪಡುತ್ತದೆ, ಅದರ ಬದಲು ವೈರ್ ಬ್ರಷ್‌ನಲ್ಲಿ ಉಜ್ಜಿ ಒಣಗಿಸಿ ಹಾಕಿಸಿ. ಗಾಡಿಯ ಪುಸ್ತಕದಲ್ಲಿರುವ ಟಾರ್ಕ್‌ಗೆ ಬಿಗಿದು, ಸುಮಾರು 100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ನೋಡಿ.

ಕೀ ಗಾಡಿಯಲ್ಲೇ ಇರಲಿ, ಆದರೆ ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಬೇಡ, ಕಳ್ಳ ಮೊದಲು ಕೈ ಹಾಕುವುದೇ ಅಲ್ಲಿಗೆ. ಕೋಡ್ ಕಾರ್ಡ್ ಮನೆಯಲ್ಲಿಡಿ, ಅದರದೊಂದು ಫೋಟೋ ಫೋನ್‌ನಲ್ಲಿರಲಿ.