ಸೆಟ್ ಹಲ್ಲಿಗೆ ಬೀಡಿ ಕಲೆ: ಸೋಡಾ, ವಿನೆಗರ್, ಪಾತ್ರೆ ಸೋಪು

ಬೀಡಿ ಬಿಡು ಅಂತ ಮನೆಯವರೆಲ್ಲ ಹೇಳಿಯಾಯಿತು. ಬಿಟ್ಟಿಲ್ಲ. ಕಟ್ಟಿಸಿದ ಹಲ್ಲು ವರ್ಷ ತುಂಬುವಷ್ಟರಲ್ಲಿ ಒಳಬದಿಗೆ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಸೆಟ್ ನೆನೆಸಿಡುವ ನೀರಿಗೆ ಅಂಗಡಿಯಲ್ಲಿ ಸಿಗುವ ಬುರುಗಿನ ಮಾತ್ರೆ ದಿನಾ ಹಾಕುವುದು ಪಿಂಚಣಿಗೆ ಭಾರ. ಅಡುಗೆಮನೆಯಲ್ಲಿ ಇದ್ದದ್ದನ್ನೇ ಒಂದೊಂದಾಗಿ ನೋಡಿದೆ.

ಮೊದಲ ಪ್ರಯೋಗವೇ ಎಡವಟ್ಟು. ಹಲ್ಲುಪುಡಿ ಹಾಕಿ ಗಸಗಸ ಉಜ್ಜಿದೆ. ಅವತ್ತು ಫಳಫಳ, ಹದಿನೈದು ದಿನಕ್ಕೆ ಮೊದಲಿಗಿಂತ ಜಾಸ್ತಿ ಕಂದು! ಸೆಟ್ ಮಾಡುವುದು ಅಕ್ರಿಲಿಕ್ ಎಂಬ ಪ್ಲಾಸ್ಟಿಕ್‌ನಿಂದ. ಅದು ಸ್ವಂತ ಹಲ್ಲಿನಷ್ಟು ಗಟ್ಟಿಯಲ್ಲ. ಪುಡಿ ಗೀರು ಎಳೆಯುತ್ತದೆ, ಹೊಗೆಯ ಜಿಡ್ಡು ಹೋಗಿ ಆ ಗೀರಿನಲ್ಲೇ ಕೂರುತ್ತದೆ. ಪೇಸ್ಟಿನದ್ದೂ ಹೆಚ್ಚುಕಡಿಮೆ ಇದೇ ಕಥೆ.

ಅಡುಗೆ ಸೋಡಾ ಒಂದು ಚಮಚ, ಒಂದು ಲೋಟ ಉಗುರುಬೆಚ್ಚನೆಯ ನೀರು. ಬೀಡಿ ವಾಸನೆ ಪೂರ್ತಿ ಹೋಯಿತು. ಕಲೆ ಮಾತ್ರ ಅಲ್ಲಾಡಲಿಲ್ಲ. (ಕುದಿಯುವ ನೀರು ಬೇಡ, ಸೆಟ್ ಸೊಟ್ಟಗಾದರೆ ಮತ್ತೆ ಬಾಯಿಗೆ ಕೂರುವುದಿಲ್ಲ.)

ಬಿಳಿ ವಿನೆಗರ್ ಇದಕ್ಕಿಂತ ವಾಸಿ. ಅಷ್ಟೇ ನೀರು ಬೆರೆಸಿ, ವಾರಕ್ಕೊಮ್ಮೆ ಅರ್ಧ ಗಂಟೆ ನೆನೆಸಿದೆ. ಹಲ್ಲಿನ ಸಂದಿಯಲ್ಲಿ ಸುಣ್ಣದ ಹಾಗೆ ಕಟ್ಟಿದ್ದ ಗಾರೆ ಸಡಿಲವಾಯಿತು, ಅದರ ಮೇಲೆ ಕೂತಿದ್ದ ಕಲೆಯೂ ಜೊತೆಗೇ ಹೋಯಿತು. ಆದರೆ ಎಷ್ಟು ತೊಳೆದರೂ ಹುಳಿ ವಾಸನೆ. "ಇದೇನ್ರೀ, ಉಪ್ಪಿನಕಾಯಿ ಭರಣಿ ತೆಗೆದ ಹಾಗಿದೆ" ಅಂದಳು ನನ್ನವಳು.

ಬ್ಲೀಚ್ ನಾನು ಮುಟ್ಟಲಿಲ್ಲ. ಕೆಳಗಿನ ಸೆಟ್‌ಗೆ ಲೋಹದ ಕೊಕ್ಕೆಗಳಿವೆ, ಬ್ಲೀಚ್ ತಾಗಿದರೆ ಅವು ಕಪ್ಪಾಗಿ ಹಾಳಾಗುತ್ತವೆ. ವಿನೆಗರ್ ಜೊತೆ ಬೆರೆಸಿದರಂತೂ ಕ್ಲೋರಿನ್ ವಿಷಾನಿಲ ಏಳುತ್ತದೆ.

ಗೆದ್ದದ್ದು ಪಾತ್ರೆ ತೊಳೆಯುವ ಲಿಕ್ವಿಡ್. ಇಷ್ಟು ಸಾದಾ ವಸ್ತು ಮೊದಲೇ ಹೊಳೆಯಬಾರದಿತ್ತೇ! ಹೊಗೆಯದು ಜಿಡ್ಡು ತಾನೇ, ಜಿಡ್ಡಿಗೆ ಸೋಪೇ ಮದ್ದು. ರಾತ್ರಿ ಕೊನೆಯ ಬೀಡಿ ಆದ ಮೇಲೆ ಒಂದು ಹನಿ ಸೋಪು, ಮಕ್ಕಳ ಮೆತ್ತನೆಯ ಬ್ರಷ್, ಎರಡು ನಿಮಿಷ. ಚೆನ್ನಾಗಿ ತೊಳೆದು, ರಾತ್ರಿಯೆಲ್ಲ ತಣ್ಣೀರಿನಲ್ಲಿ ಇಡುತ್ತೇನೆ. ಸೋಪು ಜಾರುತ್ತದೆ, ಆದ್ದರಿಂದ ಸಿಂಕಿನಲ್ಲಿ ಬೋಗುಣಿ ನೀರು ಇಟ್ಟುಕೊಳ್ಳಿ. ನನ್ನದು ಒಮ್ಮೆ ಕೈ ಜಾರಿತು, ನೀರಿಗೆ ಬಿದ್ದು ಉಳಿಯಿತು.

ಆದರೆ ಸೋಪು ಹೊಸ ಕಲೆ ಕೂರದಂತೆ ತಡೆಯಿತೇ ಹೊರತು, ಹಲ್ಲುಪುಡಿ ಮಾಡಿದ ಗೀರಿನೊಳಗಿನದ್ದು ಬರಲಿಲ್ಲ. ಅದನ್ನು ಡಾಕ್ಟರೇ ಪಾಲಿಶ್ ಹೊಡೆದು ತೆಗೆದರು. ಹಲ್ಲುಪುಡಿ ಡಬ್ಬಿ ಈಗ ದೇವರ ಮನೆಯಲ್ಲಿದೆ, ಹಿತ್ತಾಳೆ ದೀಪ ಉಜ್ಜೋಕೆ.