ಮಗಳ ಎರಡು ಶಾಲೆಗಳು

ಒಂದನೇ ಕ್ಲಾಸು ಒಂದು ಶಾಲೆಯಲ್ಲಿ, ಎರಡನೇ ಕ್ಲಾಸು ಇನ್ನೊಂದರಲ್ಲಿ. ಸುಮ್ನೆ ಮಗುವನ್ನು ಅಲೆದಾಡಿಸಿದೆ ಅಂತ ನಮ್ಮತ್ತೆ ಈಗಲೂ ಹೇಳುತ್ತಾರೆ. ಎರಡೂ ಶಿರಸಿಯ ಖಾಸಗಿ ಶಾಲೆಗಳೇ, ಎರಡೂ ಇಂಗ್ಲಿಷ್ ಮೀಡಿಯಂ. ಹೆಸರು ಬೇಡ. ನಮ್ಮ ಮನೆ ಹುಲೇಕಲ್ ಕಡೆಯ ಹಳ್ಳಿಯಲ್ಲಿ.

ಮೊದಲಿನದು ಸಿಬಿಎಸ್‌ಇ. ವರ್ಷಕ್ಕೆ 52,000, ಬಸ್ಸಿನದು ಬೇರೆ. ಸ್ಮಾರ್ಟ್ ಬೋರ್ಡು, ಸ್ಕೇಟಿಂಗ್ ನೋಡಿ ಅಡ್ಮಿಶನ್ ದಿನವೇ ನಾವಿಬ್ಬರೂ ಮರುಳಾದೆವು. ಎರಡನೆಯದು ಸ್ಟೇಟ್ ಸಿಲೆಬಸ್, 24,000. ಹಳೇ ಹೆಂಚಿನ ಕಟ್ಟಡ. ಜಗಲಿಯಲ್ಲಿ ಮಕ್ಕಳ ಕೈಗೆ ಎಟಕುವಷ್ಟು ಎತ್ತರದಲ್ಲಿ ಸಾಲಾಗಿ ಮೊಳೆ, ಕೊಡೆ ನೇತುಹಾಕಲು. ಆ ಮೊಳೆ ನೋಡಿಯೇ ನನ್ನ ಮನಸ್ಸು ಅರ್ಧ ವಾಲಿತ್ತು. ಹಿಂದಿನ ವರ್ಷ ಒದ್ದೆ ರೈನ್‌ಕೋಟು ಪುಸ್ತಕದ ಜೊತೆಗೇ ಚೀಲದೊಳಗೆ ಬರುತ್ತಿತ್ತು.

ಚೀಲ ಅಂದಾಗ ನೆನಪಾಯಿತು. ಒಂದು ದಿನ ಅದನ್ನು ಅಡಿಕೆ ತೂಗುವ ತಕ್ಕಡಿಗೆ ಇಟ್ಟೆ. 4 ಕಿಲೋ 200 ಗ್ರಾಂ! ಒಂದು, ಎರಡನೇ ಕ್ಲಾಸಿನ ಚೀಲ 2 ಕಿಲೋ ದಾಟಬಾರದು ಅಂತ 2019ರಲ್ಲೇ ರಾಜ್ಯ ಸರ್ಕಾರ ಆದೇಶ ಮಾಡಿದೆ. ಈಗಿನ ಶಾಲೆಯದು 2 ಕಿಲೋ 300. ಇಲ್ಲೂ ಜಾಸ್ತಿಯೇ, ಆದರೆ ನೀರಿನ ಬಾಟಲಿ ಸೇರಿ.

ಕಲಿಕೆಯಲ್ಲಿ ಮೊದಲಿನದೇ ಮುಂದು, ಸುಳ್ಳು ಹೇಳಬಾರದು. ಮಣಿ ಪೋಣಿಸಿ ಲೆಕ್ಕ ಕಲಿಸುತ್ತಿದ್ದರು, ಅದು ಇವತ್ತಿಗೂ ಅವಳಿಗೆ ಮರೆತಿಲ್ಲ. ಈಗಿನದರಲ್ಲಿ ಕಾಪಿ ಬರೆಸುವುದೇ ಜಾಸ್ತಿ. ಕನ್ನಡದ್ದು ಮಾತ್ರ ಉಲ್ಟಾ. 2015ರ ಕಾಯ್ದೆಯ ಪ್ರಕಾರ ಸಿಬಿಎಸ್‌ಇ ಶಾಲೆಯಲ್ಲೂ ಕನ್ನಡ ಕಲಿಸಲೇಬೇಕು. ಅಲ್ಲಿ ವಾರಕ್ಕೆ ಎರಡು ಪೀರಿಯಡ್ ಇತ್ತು, ವರ್ಷ ಕಳೆದರೂ ಬಸ್ಸಿನ ಬೋರ್ಡು ಓದಲು ಬರಲಿಲ್ಲ. ಈಗ ‘ಹುಲೇಕಲ್’ ಸಲೀಸು. ಯಲ್ಲಾಪುರದ ‘ಲ್ಲಾ’ಕ್ಕೆ ಬಂದಾಗ ಮಾತ್ರ ನನ್ನ ಮುಖ ನೋಡುತ್ತಾಳೆ.

ಮನೆಯಲ್ಲೂ ಇಂಗ್ಲಿಷಿನಲ್ಲೇ ಮಾತಾಡಿ ಅಂತ ಮೊದಲಿನ ಶಾಲೆಯ ಡೈರಿಯಲ್ಲಿ ಬರೆದು ಕಳಿಸಿದ್ದರು. ಒಳ್ಳೆಯದಕ್ಕೇ ಇರಬಹುದು ಅಂದುಕೊಂಡೆ. ಒಂದು ಬೆಳಿಗ್ಗೆ ಡಬ್ಬಿಗೆ ತೆಳ್ಳೇವು, ಅಂದರೆ ನಮ್ಮ ಕಡೆಯ ತೆಳು ದೋಸೆ, ಹಾಕುತ್ತಿದ್ದಾಗ ಮಗಳು ಕೈ ಹಿಡಿದಳು. “ಆಯಿ, ಇದು ಬೇಡ. ಬ್ರೆಡ್ ಹಾಕು. ಇದಕ್ಕೆ ಇಂಗ್ಲಿಷಲ್ಲಿ ಏನು ಹೇಳೋದು ಅಂತ ಗೊತ್ತಿಲ್ಲ.” ಶಾಲೆ ಬದಲಿಸುವ ಮಾತು ಅವತ್ತೇ ಹುಟ್ಟಿತು. ಹೊಸ ಶಾಲೆಯ ಟೀಚರ್ ಕುಮಟಾದವರು. ಮೊದಲ ವಾರವೇ ಡಬ್ಬಿ ನೋಡಿ “ತೆಳ್ಳೇವಾ? ಬೆಲ್ಲ ತಂದಿಲ್ವಾ?” ಅಂದರಂತೆ. ಮರುದಿನ ಬೆಲ್ಲಕ್ಕೆ ಬೇರೆ ಡಬ್ಬಿ ಕೇಳಿದಳು.

ನನ್ನ ತಮ್ಮ ತನ್ನ ಮಗುವಿಗೆ ಯಾವ ಶಾಲೆ ಆದೀತು ಅಂತ ಕೇಳಿದಾಗ ಮಾತ್ರ ಮೊದಲಿನ ಶಾಲೆಯನ್ನೇ ಹೇಳಿದೆ. ಅವನದು ಬ್ಯಾಂಕ್ ನೌಕರಿ, ಮೂರು ವರ್ಷಕ್ಕೊಮ್ಮೆ ವರ್ಗ. ಯಾವ ರಾಜ್ಯಕ್ಕೆ ಹೋದರೂ ಸಿಬಿಎಸ್‌ಇ ಸಿಗುತ್ತದೆ, ಅಲ್ವಾ? ಮನೆಯೂ ಪೇಟೆಯಲ್ಲೇ, ನಡೆದೇ ಹೋಗಬಹುದು. ನಮ್ಮವಳು ಅಲ್ಲಿಗೆ ಬೆಳಿಗ್ಗೆ 7:10ಕ್ಕೆ ಬಸ್ಸು ಹತ್ತಿದರೆ ಇಳಿಯುವಾಗ ಸಂಜೆ 5:20. ಊಟದ ತಟ್ಟೆ ಮುಂದೆಯೇ ತೂಕಡಿಸುತ್ತಿದ್ದಳು.

ಈಗಿನ ಶಾಲೆಗೆ ಬಸ್ಸೇ ಇಲ್ಲ. ಊರಿನ ಒಂದಿಷ್ಟು ಜನ ಸೇರಿ ಓಮ್ನಿ ಗೊತ್ತು ಮಾಡಿದ್ದೇವೆ. ಮಳೆಗಾಲದಲ್ಲಿ ಅದು ವಾರಕ್ಕೊಮ್ಮೆಯಾದರೂ ಕೈಕೊಡುತ್ತದೆ. ಇವತ್ತೂ ಕೆಟ್ಟು ನಿಂತಿದೆ. ನಾಳೆ ಮಳೆ ರಜೆ ಕೊಡದಿದ್ದರೆ ನನ್ನ ಸ್ಕೂಟಿಯೇ ಗತಿ.