ಸ್ಯಾಟಲೈಟ್ ಕೇಳೋಕೆ ಟೆರೇಸ್ ಮೇಲೆ ಯಾವ ಆಂಟೆನಾ: ಎಗ್‌ಬೀಟರ್, ಓರೆ ಯಾಗಿ, ಎರಡು ಮೋಟಾರಿನ ರೊಟೇಟರ್

ಮೊದ್ಲೇ ಹೇಳಿಬಿಡ್ತೀನಿ, ಹ್ಯಾಮ್ (ಹವ್ಯಾಸಿ ರೇಡಿಯೋ) ಉಪಗ್ರಹ ಕೇಳೋಕೆ ನನ್ನ ಓಟು ಸಣ್ಣ ಯಾಗಿಗೆ, ಅಂದ್ರೆ ಹಳೇ ಟಿವಿ ಆಂಟೆನಾ ಥರ ಕಡ್ಡಿಗಳಿರೋ, ಒಂದೇ ದಿಕ್ಕಿಗೆ ಜೋರಾಗಿ ಕೇಳೋ ಆಂಟೆನಾಗೆ. 2 ಮೀಟರ್ ಬ್ಯಾಂಡಿಗೆ (145 ಮೆಗಾಹರ್ಟ್ಸ್ ಹತ್ರ) 3 ಎಲಿಮೆಂಟು ಅಂದ್ರೆ ಕಡ್ಡಿ, 70 ಸೆಂಟಿಮೀಟರ್ ಬ್ಯಾಂಡಿಗೆ (435 ಮೆಗಾಹರ್ಟ್ಸ್ ಹತ್ರ) 7 ಎಲಿಮೆಂಟು, ಎರಡನ್ನೂ 20 ಡಿಗ್ರಿ ಮೇಲಕ್ಕೆ ಓರೆ ಮಾಡಿ ಬಿಗಿದು, ಅಡ್ಡಕ್ಕೆ ಮಾತ್ರ ತಿರುಗೋ ಹಗುರದ ರೊಟೇಟರ್ (ಆಂಟೆನಾ ತಿರುಗಿಸೋ ಮೋಟಾರು) ಮೇಲೆ ಕೂರಿಸಿದೀನಿ. ಇದಕ್ಕೆ ಮುಂಚೆ, ತಿರುಗಿಸೋದೇ ಬೇಡದ, ಎಲ್ಲಾ ದಿಕ್ಕಿಗೂ ಕೇಳೋ ಎಗ್‌ಬೀಟರ್‌ಗೆ 14 ಸಾವಿರ ಹಾಕಿ ಒಂದು ವರ್ಷ ಒದ್ದಾಡಿದೀನಿ, ಬೇರೆಯವ್ರಿಗೆ ಆ ದುಡ್ಡು ಉಳೀಲಿ ಅಂತ ಬರೀತಿದೀನಿ.

ಎಗ್‌ಬೀಟರ್ ತಗೊಳೋಕೆ ಕಾರಣ ಹ್ಯಾಮ್‌ಸ್ಯಾಟ್. 2005ರ ಮೇ ತಿಂಗಳಲ್ಲಿ ಇಸ್ರೋ ಹಾರಿಸಿದ ನಮ್ಮದೇ ಹ್ಯಾಮ್ ಉಪಗ್ರಹ, 2014ರ ತನಕ ಕೆಲಸ ಮಾಡ್ತು. ನಂಗೆ ಹ್ಯಾಮ್ ಕಲಿಸಿದ ಹಿರಿಯರು ಅದನ್ನ ಮನೆ ಮೇಲಿನ ಸಾದಾ ಆಂಟೆನಾದಲ್ಲೇ ಕೇಳ್ತಿದ್ರು, "ತಿರುಗಿಸೋ ತಾಪತ್ರಯ ಯಾಕಪ್ಪಾ" ಅಂತಿದ್ರು. ಅವರ ಮಾತು ಸುಳ್ಳಲ್ಲ, ಆದ್ರೆ ಹ್ಯಾಮ್‌ಸ್ಯಾಟ್ ಕೆಳಗೆ ಕಳಿಸ್ತಿದ್ದಿದ್ದು 145 ಮೆಗಾಹರ್ಟ್ಸ್‌ನಲ್ಲಿ. ನಾನೀಗ ಕೇಳೋ ಐಎಸ್ಎಸ್ (ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ) ರಿಪೀಟರ್, ಅಂದ್ರೆ ಬಂದ ಮಾತನ್ನ ಮತ್ತೆ ಕೆಳಗೆ ಕಳಿಸೋ ರೇಡಿಯೋ, ಮತ್ತೆ ಹ್ಯಾಮ್ ಉಪಗ್ರಹಗಳಾದ ಎಸ್ಓ-50, ಆರ್‌ಎಸ್-44 ಮೂರೂ ಉಲ್ಟಾ, 145ರಲ್ಲಿ ಕಳಿಸಿ 435ರ ಆಸುಪಾಸಲ್ಲಿ ಕೇಳ್ಬೇಕು. ಎಲ್ಲಾ ದಿಕ್ಕಿಗೂ ಕೇಳೋ ಆಂಟೆನಾದಲ್ಲಿ ಫ್ರೀಕ್ವೆನ್ಸಿ ಮೂರು ಪಟ್ಟಾಗಿದ್ದಕ್ಕೆ ಅಲ್ಲೇ 9 ಡಿಬಿ (ಸಿಗ್ನಲ್ ಬಲ ಅಳೆಯೋ ಮಾಪನ) ಚಿಲ್ಲರೆ ಹೋಯ್ತು. ಅದ್ರ ಜೊತೆಗೆ ಐಎಸ್ಎಸ್ ನೆತ್ತಿ ಮೇಲಿದ್ದಾಗ ಸುಮಾರು 420 ಕಿ.ಮೀ. ದೂರ, ದಿಗಂತದಲ್ಲಿದ್ದಾಗ 2,300 ಕಿ.ಮೀ. ಹತ್ರ, ಅಂದ್ರೆ ಹೆಚ್ಚುಕಮ್ಮಿ 15 ಡಿಬಿ ವ್ಯತ್ಯಾಸ. ಕೆಳಗೆ ರಿಫ್ಲೆಕ್ಟರ್ ಕಡ್ಡಿ ಇರೋ ನನ್ನ ಎಗ್‌ಬೀಟರ್ ಚೆನ್ನಾಗಿ ಕೇಳೋದು ನೆತ್ತಿ ಕಡೆಗೆ, ಸಿಗ್ನಲ್ ಹೇಗೂ ಜೋರಾಗಿರೋ ಕಡೆಗೆ! 10 ನಿಮಿಷದ ಪಾಸಲ್ಲಿ (ಉಪಗ್ರಹ ಒಂದ್ಸಲ ಹುಟ್ಟಿ ಮುಳುಗೋ ಹೊತ್ತು) ಮಧ್ಯದ 3–4 ನಿಮಿಷ ಮಾತು ಕಿವಿಗೆ ಬೀಳ್ತಿತ್ತು, ಉಳಿದಿದ್ದೆಲ್ಲ ಬರೀ ಸೊರ್ ಅನ್ನೋ ಸದ್ದು.

ಅಡ್ಡಕ್ಕೂ ಮೇಲಕ್ಕೂ ತಿರುಗಿಸೋ ಎರಡು ಮೋಟಾರಿನ ಯಾಸು ಜಿ-5500 ರೊಟೇಟರ್, ಮೇಲೆ ಕ್ರಾಸ್ ಯಾಗಿ (ಕಡ್ಡಿಗಳು ಒಂದಕ್ಕೊಂದು ಅಡ್ಡ ಕೂತಿರೋ ಯಾಗಿ), ಗೆಳೆಯರೊಬ್ಬರ ಮನೇಲಿ ನಾಲ್ಕು ಭಾನುವಾರ ಕೂತು ನೋಡ್ದೆ. ಅದ್ಭುತ. ದುಡ್ಡು ನನ್ನ ಕೈಗೆ ಎಟುಕಲ್ಲ.

ಹಾಗಂತ ಓರೆ ಯಾಗಿ ಸುಮ್ನೆ ಒಲಿಲಿಲ್ಲ. ತಲೆ ತಿಂದಿದ್ದು ರೊಟೇಟರಿನ ಸ್ಟಾಪ್. ಅದು ಉತ್ತರದಿಂದ ಶುರುವಾಗಿ ಒಂದು ಸುತ್ತು ಸುತ್ತಿ ಉತ್ತರಕ್ಕೇ ಬಂದು ನಿಲ್ಲುತ್ತೆ, ಮುಂದಕ್ಕೆ ಹೋಗಲ್ಲ. ನಮ್ಮ ಮೈಸೂರಿಂದ ನೋಡಿದ್ರೆ ಐಎಸ್ಎಸ್‌ನ ಒಳ್ಳೊಳ್ಳೆ ಪಾಸುಗಳು ನೈಋತ್ಯದಲ್ಲಿ ಹುಟ್ಟಿ ವಾಯವ್ಯದ ಮೇಲೆ ಹಾದು ಈಶಾನ್ಯದಲ್ಲಿ ಮುಳುಗ್ತವೆ, ಅಂದ್ರೆ ಉತ್ತರವನ್ನ ದಾಟ್ಲೇಬೇಕು. ಸರಿಯಾಗಿ ಎಲ್ಲರೂ ಕರೀತಿರೋ ಹೊತ್ತಿಗೆ ಆಂಟೆನಾ ಸ್ಟಾಪಿಗೆ ಬಡಿದು ನಿಲ್ತಿತ್ತು, ಆಮೇಲೆ ಪೂರ್ತಿ ವಾಪಸ್ ಸುತ್ತಿ ಬರೋಕೆ ಒಂದು ನಿಮಿಷ, ಆ ನಿಮಿಷದಲ್ಲಿ ದೆಹಲಿಯವ್ರು, ಕೋಲ್ಕತ್ತಾದವ್ರು ಎಲ್ಲ ಕೈ ತಪ್ಪಿ ಹೋಗ್ತಿದ್ರು. ಎರಡು ತಿಂಗಳು ಹೀಗೇ ಆಯ್ತು.

ಕೊನೆಗೆ ಒಂದಿನ ಪಾನಾ ಹಿಡ್ಕೊಂಡು ಹತ್ತಿ, ಕ್ಲಾಂಪ್ ಸಡಿಲಿಸಿ ಆಂಟೆನಾದ ಬೂಮನ್ನ (ಕಡ್ಡಿಗಳು ಕೂತಿರೋ ಉದ್ದ ಪೈಪು) 180 ಡಿಗ್ರಿ ತಿರುಗಿಸಿ ಮತ್ತೆ ಬಿಗಿದೆ. ಈಗ ಸ್ಟಾಪ್ ದಕ್ಷಿಣಕ್ಕೆ ಬಂತು. ನಮಗೆ ದಕ್ಷಿಣದಲ್ಲಿ ಶ್ರೀಲಂಕಾ ದಾಟಿದ್ರೆ ಬರೀ ಸಮುದ್ರ, ಆ ಕಡೆ ಹಾಯೋ ಪಾಸಲ್ಲಿ ಒಂದು ನಿಮಿಷ ಕಳ್ಕೊಂಡ್ರೂ ಅಷ್ಟು ನಷ್ಟ ಇಲ್ಲ. ಡಯಲ್ ಉಲ್ಟಾ ತೋರಿಸುತ್ತೆ, ಅದಕ್ಕೆ ಬಿಳಿ ಸ್ಟಿಕ್ಕರ್ ಅಂಟಿಸಿ ಉ, ಪೂ, ದ, ಪ ಅಂತ ಬರ್ಕೊಂಡಿದೀನಿ. ಕಂಪ್ಯೂಟರಿಂದ ತಿರುಗಿಸೋರಿಗೆ ಜಿಪ್ರೆಡಿಕ್ಟ್ ಅನ್ನೋ ಉಪಗ್ರಹ ಟ್ರ್ಯಾಕಿಂಗ್ ಸಾಫ್ಟ್‌ವೇರಲ್ಲಿ ಅಜಿಮತ್ (ದಿಕ್ಕಿನ ಕೋನ) ಮೈನಸ್ 180ರಿಂದ ಪ್ಲಸ್ 180 ಅಂತ ಇಟ್ಕೊಳೋ ಆಯ್ಕೆ ಇದೆ. ಇನ್ನೊಂದು, ಹೀಗೆ ತಿರುಗಿಸಿದ ದಿನವೇ ಆಂಟೆನಾದ ಕೋಆಕ್ಸ್ ಕೇಬಲ್ ನೀರಿನ ಟ್ಯಾಂಕ್ ಪೈಪಿಗೆ ಸಿಕ್ಕಾಕೊಂಡು ಕನೆಕ್ಟರ್ ಕಿತ್ಕೊಂಡು ಬಂತು, ತಾಮ್ರದ ಎಳೆ ಹೊರಗೆ ನೇತಾಡ್ತಿತ್ತು. ಕಂಬದ ಪಕ್ಕ ಒಂದು ಮೀಟರ್ ಕೇಬಲ್ ಸಡಿಲವಾಗಿ ಬಿಟ್ಟು, ಹತ್ರವೇ ನಿಂತು ಎರಡೂ ಕೊನೆ ತನಕ ಮೋಟಾರಿಂದ್ಲೇ ಸ್ವಲ್ಪ ಸ್ವಲ್ಪ ತಿರುಗಿಸಿ ನೋಡಿ, ಆಮೇಲೆ ಬಳಸಿ.

ನೆತ್ತಿ ಮೇಲೆ ಹೋಗೋ ಪಾಸಲ್ಲಿ ಓರೆ ಯಾಗಿಗೆ ಸಿಗ್ನಲ್ ಸ್ವಲ್ಪ ಇಳಿಯುತ್ತೆ, ಆದ್ರೆ ಅಲ್ಲಿ ದೂರ ಕಮ್ಮಿ, ಕೆಲಸ ನಡೆಯುತ್ತೆ. ಉಪಗ್ರಹ ಸುತ್ತುತ್ತಾ ಹೋದಂಗೆ ಏರಿಳಿತ ಇದ್ದೇ ಇದೆ, ಕ್ರಾಸ್ ಯಾಗಿ ಅಲ್ಲಿ ಗೆಲ್ಲುತ್ತೆ.

ನಾನು ಕೆಲಸದಿಂದ ಬಂದು ಸಂಜೆ ಒಂದೋ ಎರಡೋ ಪಾಸ್ ಹಿಡಿಯೋನು, ಫೋನಲ್ಲಿ ಲುಕ್‌ಫೋರ್‌ಸ್ಯಾಟ್ ಆ್ಯಪ್ ನೋಡ್ಕೊಂಡು ಕಂಪ್ಯೂಟರ್ ಇಲ್ದೆ ನಾನೇ ರೊಟೇಟರ್ ತಿರುಗಿಸ್ತೀನಿ, ನಂಗೆ ಇಷ್ಟು ಸಾಕು. ಮನೇಲಿಲ್ಲದಾಗ್ಲೂ ಟೆಲಿಮೆಟ್ರಿ (ಉಪಗ್ರಹ ತನ್ನ ಸ್ಥಿತಿ ಬಗ್ಗೆ ಕಳಿಸೋ ಮಾಹಿತಿ) ರೆಕಾರ್ಡ್ ಆಗ್ಬೇಕು ಅನ್ನೋರು ಎರಡು ಮೋಟಾರಿಗೆ ದುಡ್ಡು ಕೂಡಿಡಿ. ಯಾವುದು ತಗೊಂಡ್ರೂ ಆರ್‌ಜಿ-58 ಕೇಬಲ್ ಮಾತ್ರ ಬೇಡ, 20 ಮೀಟರ್ ಎಳೆದ್ರೆ 435ರಲ್ಲಿ 6 ಡಿಬಿ ಅದೇ ನುಂಗುತ್ತೆ.